ಮಟ್ಟಾಂಚೇರಿಗೆ ಕರೆದೊಯ್ದವನು

"ಹಿಂಗೆ ಒಂದೊಂದು ಗೋಡೆ ಮುಂದೆ ನಿಂತ್ರೆ ನಾವು ಕೊಪ್ಪಕ್ಕೆ ವಾಪಸ್ ಹೋಗೋದು ಮುಂದಿನ ವರ್ಷಾನೇ" ಎಂದು ಮುಬಶಿರ್ ಶಾಹೀನಳ ಕಿವಿಯ ಹತ್ತಿರ ಪಿಸುಗುಟ್ಟಿದ.

ಶಾಹೀನ್ ತಿರುಗಲಿಲ್ಲ. ಮಟ್ಟಾಂಚೇರಿ ಅರಮನೆಯ ಗೋಡೆಯ ತುಂಬ ರಾಮಾಯಣ ಹರಡಿತ್ತು. ಕೆಂಪು, ಹಳದಿ, ಎಲೆಹಸಿರು. ಅಷ್ಟು ಹಳೆಯ ಬಣ್ಣ ಇನ್ನೂ ಬೆಚ್ಚಗಿದೆ ಅನ್ನಿಸುತ್ತಿತ್ತು.

"ನಿಮ್ಮ ಅಂಗಡಿ ಪೇಂಟ್ ಇಷ್ಟು ಕಾಲ ಬರುತ್ತಾ?"

"ಗ್ಯಾರಂಟಿ ಏಳೇ ವರ್ಷ. ಆಮೇಲೆ ಗಿರಾಕಿ ಮತ್ತೆ ಬರಬೇಕಲ್ಲ!"

ಅವಳು ನಕ್ಕಳು. ಅವನು ಓರೆಗಣ್ಣಲ್ಲಿ ಆ ನಗುವನ್ನು ನೋಡಿದ. ಅಷ್ಟು ಸಾಕಾಗಿತ್ತು, ಅವಳ ಕೆನ್ನೆ ಬಿಸಿಯಾಯಿತು. ನಿಖಾ ಆಗಿ ಇನ್ನೂ ತಿಂಗಳಾಗಿತ್ತಷ್ಟೆ.

ಶಾಹೀನ್ ತನ್ನ ತವರೂರು ನರಸಿಂಹರಾಜಪುರದ, ಎಲ್ಲರ ಬಾಯಲ್ಲಿ ಎನ್.ಆರ್. ಪುರದ, ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮುಬಶಿರನದು ಕೊಪ್ಪದಲ್ಲಿ ಪೇಂಟ್ ಅಂಗಡಿ. ಮದುವೆಯಾದ ಮೇಲೆ ಎಲ್ಲಿಗೆ ಹೋಗೋಣ ಎಂದಾಗ ಅವಳು ಎಲ್ಲರಂತೆ ಊಟಿ ಎಂದಿದ್ದಳು. ಕೊಚ್ಚಿ ಎಂದವನು ಅವನೇ. "ನೀನು ಚಿತ್ರ ಬರೆಯೋಳು. ಆ ಹಳೇ ಬಂದರಿನ ಬೀದಿ ತುಂಬ ಮ್ಯೂಸಿಯಂ, ಗ್ಯಾಲರಿ. ನಿನಗೆ ಅದನ್ನ ತೋರಿಸಬೇಕು." ಶಾಲೆಯಲ್ಲಿ ಇದನ್ನು ಹೇಳಿದಾಗ ಸುಲೋಚನಮ್ಮ ಟೀಚರ್ ಕೈಯಲ್ಲಿದ್ದ ಚಾಕ್‌ಪೀಸ್ ಕೆಳಗಿಟ್ಟು, "ಹೆಂಡತಿ ಮನಸ್ಸು ಇಷ್ಟು ತಿಳಿದ ಗಂಡ ಸಿಗೋದು ಕಷ್ಟ ಕಣೇ" ಎಂದಿದ್ದರು. ಆ ಮಾತನ್ನು ರೈಲಿನುದ್ದಕ್ಕೂ ಅವಳು ಸಿಹಿಯಂತೆ ಚಪ್ಪರಿಸಿಕೊಂಡು ಬಂದಿದ್ದಳು.

"ಬಾ, ಇನ್ನೊಂದು ಗ್ಯಾಲರಿ ಇದೆ. ಮುಚ್ಚಿಬಿಡ್ತಾರೆ."

ಚಿತ್ರ ನೋಡುವುದಕ್ಕೆ ಇಷ್ಟು ಅವಸರವೇ! ಬೀದಿಯ ಒಣಶುಂಠಿಯ ಘಾಟು, ಹಡಗಿನ ಕೂಗು, ಮೀನಿನ ವಾಸನೆ ಎಲ್ಲವನ್ನೂ ದಾಟಿಕೊಂಡು ಅವನು ಮುಂದೆ ಮುಂದೆ ನಡೆದ. ಒಂದು ಅಂಗಡಿಯ ಗಾಜಿನಲ್ಲಿ ನೋಡಿಕೊಂಡು ತಲೆಗೂದಲು ಸರಿಮಾಡಿಕೊಂಡ. ತನಗಾಗಿ ಎಂದುಕೊಂಡು ಶಾಹೀನ್ ಒಳಗೊಳಗೇ ನಕ್ಕಳು.

ಅದು ಹಳೆಯ ಮೆಣಸಿನ ಗೋದಾಮು. ಈಗ ಗೋಡೆಗೆ ಸುಣ್ಣ ಬಳಿದು ಚಿತ್ರಗಳನ್ನು ತೂಗುಹಾಕಿದ್ದರು. ಒಳಗೆ ಕಾಲಿಟ್ಟ ಕೂಡಲೇ ಕೌಂಟರಿನ ಹಿಂದಿನ ಹುಡುಗಿ ಎದ್ದು ನಿಂತಳು.

"ಮುಬಶಿರ್! ಎಂತ ಮಾರಾಯ, ಹೇಳದೆ ಕೇಳದೆ ಬಂದುಬಿಟ್ಟೆ?"

ಅಪ್ಪಟ ಕೊಪ್ಪದ ಮಾತು. ಶಾಹೀನಳಿಗೆ ಊರಿನವರು ಸಿಕ್ಕ ಖುಷಿಯಾಯಿತು. ಗಂಡನತ್ತ ನೋಡಿದಳು. ಅವನ ಮುಖ ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ. ಅಂಥ ಬೆಳಕನ್ನು ಆ ಮುಖದಲ್ಲಿ ಅವಳು ಈ ಒಂದು ತಿಂಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ಇವರು?" ಹುಡುಗಿ ಕೇಳಿದಳು.

"ಇವರು... ಶಾಹೀನ್."

ಮುಂದಿನ ಮಾತಿಗೆ ಶಾಹೀನ್ ಕಾದಳು. ಅದು ಬರಲಿಲ್ಲ.

"ನಾನು ಅವರ ಹೆಂಡತಿ" ಎಂದು ಅವಳೇ ಹೇಳಿದಳು.

ಹುಡುಗಿಯ ಕೈ ಕೌಂಟರಿನ ಅಂಚನ್ನು ಹಿಡಿದುಕೊಂಡಿತು. "ಮದುವೆ ಆಯ್ತಾ ನಿನಗೆ? ಹೋದ ವಾರ ಫೋನ್ ಮಾಡಿದಾಗ ಹೇಳಲೇ ಇಲ್ವಲ್ಲ."

"ನಿಶ್ಚಿತಾ, ಅದು..."

"ಯಾವಾಗ ಆಯ್ತು?" ಅವಳು ಅವನನ್ನು ಬಿಟ್ಟು ಶಾಹೀನಳನ್ನು ಕೇಳಿದಳು.

"ಹೋದ ತಿಂಗಳು."

ನಿಶ್ಚಿತಾ ಕುರ್ಚಿ ತಂದು ಶಾಹೀನಳ ಮುಂದಿಟ್ಟಳು. ಶಾಹೀನ್ ಕೂರಲಿಲ್ಲ. "ನನ್ನ ಊರು ಹಿರೇಕೊಡಿಗೆ. ನಾವಿಬ್ಬರೂ ಕೊಪ್ಪ ಕಾಲೇಜಲ್ಲಿ ಒಟ್ಟಿಗೆ ಓದಿದ್ದು. ಇಬ್ಬರ ಮನೇಲೂ ಒಪ್ಪಲಿಲ್ಲ. ಅದಕ್ಕೇ ನಾನು ಕೆಲಸ ಹುಡುಕ್ಕೊಂಡು ಇಲ್ಲಿಗೆ ಬಂದೆ. ಮದುವೆ ವಿಷಯ ನನಗೆ ಖಂಡಿತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಫೋನೇ ಎತ್ತುತ್ತಿರಲಿಲ್ಲ." ನಂತರ ಅವನತ್ತ ತಿರುಗಿದಳು. "ಇನ್ನೂ ಕಾಯ್ತಿದೀನಿ ಅಂದಿದ್ದೆಯಲ್ಲ ಮಾರಾಯ. ನಾನೂ ನಂಬಿದ್ದೆ. ಹೋಗು. ಇನ್ನು ಬರಬೇಡ."

ಹೊರಗೆ, ಸಮುದ್ರದ ಪಕ್ಕದ ಕಟ್ಟೆಯ ಮೇಲೆ ಗಂಡ ಹೆಂಡತಿ ಇಬ್ಬರೂ ಕೂತರು. ಮರದ ತೊಲೆಗಳಿಗೆ ಕಟ್ಟಿದ ದೊಡ್ಡ ಮೀನಿನ ಬಲೆ ನೀರಿನಿಂದ ಮೇಲೇಳುತ್ತಿತ್ತು. ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರು.

"ಒಂದೇ ಒಂದ್ಸಲ ನೋಡಬೇಕು ಅನ್ನಿಸ್ತು" ಎಂದ ಮುಬಶಿರ್. "ಒಬ್ಬನೇ ಬಂದಿದ್ರೆ ಅದು ಮೋಸ ಆಗ್ತಿತ್ತು. ನಿನ್ನ ಜೊತೆ ಬಂದ್ರೆ..."

"ನನ್ನ ಜೊತೆ ಬಂದ್ರೆ?"

ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ.

"ಊಟಿಗೆ ಹೋಗಿದ್ರೆ ನನಗೆ ಬೇಜಾರಾಗ್ತಿರಲಿಲ್ಲ ರೀ. ನನಗೋಸ್ಕರ ಅಂತ ಯಾಕೆ ಹೇಳಿದ್ರಿ? ಆ ಒಂದು ಮಾತಿಗೆ ನಾನು ನಿಮಗೆ ಪೂರ್ತಿ ಸೋತುಬಿಟ್ಟಿದ್ದೆ."

"ನಿನ್ನ ಮೇಲೂ ಪ್ರೀತಿ ಇದೆ ಶಾಹೀನ್."

"ಮೇಲೂ" ಎಂದು ಅವಳು ಮೆಲ್ಲಗೆ ಹೇಳಿಕೊಂಡಳು. ಕೊನೆಯ ಆ ಒಂದು ದೀರ್ಘ ಸ್ವರ ಸಾಕಾಗಿತ್ತು.

ಮರುದಿನ ಬೆಳಿಗ್ಗೆ, ರೈಲಿಗೆ ಮೊದಲು, ಶಾಹೀನ್ ಒಬ್ಬಳೇ ಹೊರಟಳು. ತನಗೊಬ್ಬಳಿಗೇ ಟಿಕೆಟ್ ಕೊಂಡು ಚರ್ಚಿನ ಪಕ್ಕದ ಪುಟ್ಟ ಮ್ಯೂಸಿಯಂ ನೋಡಿದಳು. ಹಳೆಯ ನಕಾಶೆಗಳು, ತುಕ್ಕು ಹಿಡಿದ ಲಂಗರು. ಯಾರೂ ಬಾ ಎಂದು ಅವಸರಪಡಿಸಲಿಲ್ಲ. ಪ್ರತಿಯೊಂದರ ಮುಂದೆಯೂ ಬೇಕಾದಷ್ಟು ಹೊತ್ತು ನಿಂತಳು. ಆದರೂ ಪ್ರತಿ ಸಲ ಏನೋ ಹೇಳಲು ಪಕ್ಕಕ್ಕೆ ತಿರುಗುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಮಂಗಳೂರಿನಲ್ಲಿ ಬಸ್ಸು ಹತ್ತಿದಾಗ ಮುಬಶಿರ್ ಕಂಡಕ್ಟರಿಗೆ, "ಎರಡು ಕೊಪ್ಪ" ಎಂದ.

"ಒಂದು ಕೊಪ್ಪ, ಒಂದು ಎನ್.ಆರ್. ಪುರ" ಎಂದಳು ಶಾಹೀನ್.

ಬಸ್ಸು ಶೃಂಗೇರಿ ದಾಟಿತು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಅವನು ಬ್ಯಾಗು ಇಳಿಸಿಕೊಂಡು ಅವಳ ಸೀಟಿನ ಪಕ್ಕ ನಿಂತ.

"ಅಮ್ಮಿ ಅಡುಗೆ ಮಾಡಿ ಕಾಯ್ತಿರ್ತಾರೆ. ಇಳಿ, ಶಾಹೀನ್."

"ಅಮ್ಮಿಗೆ ನೀವೇ ಹೇಳಿ. ನಿಜ ಹೇಳಿ."

"ನಾನು ಬಂದು ಕರೆದ್ರೆ ಬರ್ತೀಯಾ?"

ಅವಳು ಅವನ ಮುಖ ನೋಡಿದಳು. ಆ ಕಣ್ಣು ಈಗಲೂ ಅವಳಿಗೆ ಇಷ್ಟವೇ. "ಅವಳನ್ನ ಮರೆತು ಬನ್ನಿ ಅನ್ನಲ್ಲ. ಸುಳ್ಳು ಹೇಳೋದನ್ನ ಬಿಟ್ಟು ಬನ್ನಿ. ಆಗ ಯೋಚನೆ ಮಾಡ್ತೀನಿ."

ಕಂಡಕ್ಟರ್ ಸೀಟಿ ಊದಿದ. ಅವನು ಇಳಿದ. ಬಸ್ಸು ಊರು ದಾಟುವವರೆಗೂ ಶಾಹೀನ್ ತಡೆದುಕೊಂಡಳು. ಆಮೇಲೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಪಕ್ಕಕ್ಕೆ ಬಂದು ಕೂತ ಅಜ್ಜಿಯೊಬ್ಬರು ಅವಳ ಬೆನ್ನು ಸವರಿದರು. "ತವರಿಗಾ ಮಗಾ?"

"ಹೂಂ ಅಜ್ಜಿ."

"ಹೊಸ ಮದುವೆ ಅಲ್ದಾ. ಗಂಡನ್ನ ಬಿಟ್ಟು ಬರೋಕೆ ಕಷ್ಟ ಆಗ್ತದೆ."

"ಆಗ್ತದೆ ಅಜ್ಜಿ" ಎಂದಳು ಶಾಹೀನ್. "ತುಂಬಾ ಕಷ್ಟ ಆಗ್ತದೆ."