ಕೆಂಪು ಪಟ್ಟಿಯ ಕುರಿಗಳು

ಶಿವಲೀಲಾಳಿಗೆ ದೂರದಿಂದ ಮೊದಲು ಕಂಡದ್ದು ಆ ಕೆಂಪು ಪಟ್ಟಿ. ಗಾದಿಲಿಂಗನ ದೊಡ್ಡಿಯಲ್ಲಿ, ಮುಳ್ಳುಬೇಲಿಯ ಆಚೆ, ಕುರಿಗಳ ಬೆನ್ನ ಮೇಲೆ ಅವಳ ಮನೆಯ ಗುರುತು.

ಆಂಧ್ರದ ಗಡಿಯೂರು ಪೆದ್ದಹರಿವಾಣದಲ್ಲಿ ಒಂದೊಂದು ಮನೆಯ ಹಿಂಡಿಗೆ ಒಂದೊಂದು ಬಣ್ಣ. ಬೆನ್ನಿಗೆ ಜಾಜಿನ, ಅಂದರೆ ಕೆಮ್ಮಣ್ಣಿನ, ಕೆಂಪು ಪಟ್ಟಿ ಎಳೆದಿದ್ದರೆ ಅವಳ ಅವ್ವ ಶಾಂತಕ್ಕನ ಮನೆಯದು. ಕುತ್ತಿಗೆಗೆ ನೀಲಿ ಬಳಿದಿದ್ದರೆ ಗಾದಿಲಿಂಗನದು.

ಅವಳ ಕುರಿಗಳು ಈಗ ಊರಲ್ಲೇ ಇರಬಾರದಿತ್ತು. ಟಗರಿಗೆ ಯಾರೋ ವಿಷ ಹಾಕಿದ ಮೇಲೆ ಅವ್ವ ಇಡೀ ಹಿಂಡನ್ನು ಸೋದರಮಾವ ಮರಿಬಸಪ್ಪನ ಜೊತೆ ನಾಗಲದಿನ್ನೆಯ ಹೊಳೆ ಕಡೆ ಕಳಿಸಿದ್ದಳು.

ಟಗರಿನ ತಪ್ಪೇನೂ ಇರಲಿಲ್ಲ. ತಪ್ಪೆಲ್ಲ ಶಿವಲೀಲಾಳದು. ಕುರಿ ಮೇಯುವ ಗುಡ್ಡಕ್ಕೆ ಕಂಪನಿಯೊಂದು ಬೇಲಿ ಹಾಕಲು ಬಂದಾಗ, ಕಳೆದ ಸಲದ ಗ್ರಾಮಸಭೆಯಲ್ಲಿ ಎದ್ದು ನಿಂತು, ಗುಡ್ಡವನ್ನು ಯಾರನ್ನು ಕೇಳಿ ಕೊಟ್ಟಿರಿ ಅಂದಿದ್ದಳು. ಅವತ್ತು ಚಪ್ಪಾಳೆಯೋ ಚಪ್ಪಾಳೆ. ಟಗರು ಸತ್ತ ಮೇಲೆ ಚಪ್ಪಾಳೆ ತಟ್ಟಿದವರೇ ವಾಟ್ಸಾಪ್ ಗ್ರೂಪಿನಿಂದ ಒಬ್ಬೊಬ್ಬರಾಗಿ ಜಾರಿಕೊಂಡರು. ಅವಳು ನೀರಿಗೆ ಹೋದರೆ ಟ್ಯಾಂಕಿನ ಹತ್ತಿರ ಮಾತು ನಿಂತುಬಿಡುತ್ತಿತ್ತು. ಮನೆ ಮುಂದೆ ಬೈಕೊಂದು ನಿಧಾನವಾದರೂ ಸಾಕು, ಶಾಂತಕ್ಕನ ರೊಟ್ಟಿ ಹಂಚಿನ ಮೇಲೇ ಸೀಯುತ್ತಿತ್ತು.

ನಾಳೆ ಮತ್ತೆ ಸಭೆ. ಅಲ್ಲೂ ಯಾರೂ ಬೇಡವೆನ್ನದಿದ್ದರೆ ಗುಡ್ಡಕ್ಕೆ ಬೇಲಿ ಬೀಳುತ್ತದೆ. ಹೋಗಬೇಡ ಎಂದು ಅವ್ವ ಕೈ ಹಿಡಿದು ಅತ್ತಿದ್ದಳು. ಶಿವಲೀಲಾ ಹೆಚ್ಚುಕಡಿಮೆ ಒಪ್ಪಿಯೂ ಬಿಟ್ಟಿದ್ದಳು.

ಇನ್ನು ಗಾದಿಲಿಂಗ. ಗುಡ್ಡದ ಮೇಲೆ ಅವಳ ಪಾಲಿನ ಶೇಂಗಾ ಚಟ್ನಿಯನ್ನೂ ತಿಂದು, ಅವಳು ಸಿಡುಕಿದರೆ ಆ ಸಿಡುಕನ್ನೇ ಕಣ್ತುಂಬ ನೋಡುತ್ತ ಕೂರುತ್ತಿದ್ದ ಪುಣ್ಯಾತ್ಮ. ಟಗರು ಸತ್ತಾಗಿನಿಂದ ಅವಳ ಫೋನನ್ನೇ ಎತ್ತಿರಲಿಲ್ಲ. ಈಗ ನೋಡಿದರೆ ಅವನ ದೊಡ್ಡಿಯಲ್ಲಿ ಕೆಂಪು ಪಟ್ಟಿ. ಯಾರೋ ಹಿಂಡನ್ನು ಹೊಡೆದುಕೊಂಡು ಬಂದಿದ್ದಾರೆ, ಇವನೂ ಅವರ ಜೊತೆ ಸೇರಿದ್ದಾನೆ ಎಂದೇ ಅವಳು ನಂಬಿದಳು. ಕುರಿ ಹೋದದ್ದಕ್ಕಿಂತ ಅವನು ಹೋದದ್ದು ಹೆಚ್ಚು ಉರಿಯಿತು.

ಬೇಲಿ ಸರಿಸಿ ನುಗ್ಗಿದವಳು ಕೈಗೆ ಸಿಕ್ಕ ಕುರಿಯ ಗದ್ದ ಎತ್ತಿ ಮುಖ ನೋಡಿದಳು. ಅದನ್ನು ಬಿಟ್ಟು ಇನ್ನೊಂದನ್ನು ನೋಡಿದಳು. ಬಣ್ಣದ ಗುರುತು ದೂರದವರಿಗೆ, ಸಾಕಿದವರಿಗೆ ಕುರಿಯ ಮುಖವೇ ಸಾಕು. ಇವು ಯಾವುವೂ ಅವಳವಲ್ಲ. ಎಲ್ಲ ಗಾದಿಲಿಂಗನವೇ. ಕುತ್ತಿಗೆಯ ನೀಲಿಯನ್ನು ತಿಕ್ಕಿ ತೊಳೆದ ಜಾಗ ಇನ್ನೂ ಒದ್ದೆಯಾಗಿತ್ತು.

ಅವನು ಮೂಲೆಯಲ್ಲಿ ಬಕೆಟ್ ಮುಂದೆ ಕೂತಿದ್ದ. ಮೊಣಕೈತನಕ ಕೆಂಪು, ಮೂಗಿನ ಮೇಲೂ ಒಂದು ಬೊಟ್ಟು. ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

"ಏನ್ ಮಾಡಾಕತ್ತಿ ನೀ?"

"ನಂಗೂ ಬೆದರಿಕಿ ಫೋನ್ ಬಂದಿತ್ತು," ಎಂದ ಅವನು, ತಲೆ ಎತ್ತದೆ. "ಕೆಂಪು ಪಟ್ಟಿ ಕುರಿ ಸನೇಕ ನಿನ್ನ ಕುರಿ ಬಿಡಬ್ಯಾಡ ಅಂದ್ರು. ಹೆದರಿ ಸುಮ್ನಾದೆ, ಲೀಲಾ. ಆಮ್ಯಾಲ ಅನಿಸ್ತು, ಎಲ್ಲಾ ಕುರಿಗೂ ಕೆಂಪು ಪಟ್ಟಿ ಇದ್ರ ಅವ್ರು ಯಾವುದಂತ ಹುಡುಕ್ತಾರ?"

"ಹಂಗಾರ ನಿನ್ನವೂ ಸಾಯ್ತಾವ."

"ಸಾಯಬೋದು." ಅವನು ಕೈಯನ್ನು ಮತ್ತೆ ಬಕೆಟ್ಟಿಗೆ ಅದ್ದಿದ. "ಹೆದರಿಕಿ ಹೋಗಿಲ್ಲ. ಆದ್ರ ನಿನ್ನ ಒಬ್ಬಾಕಿನ್ನೇ ಬಿಟ್ಟು ಬದುಕಾದು ಅದಕ್ಕಿಂತ ಕಷ್ಟ ಐತಿ."

ಅವಳು ಅಲ್ಲೇ ಕುಸಿದು ಕೂತಳು. ಅಳು ಬಂತು, ಅತ್ತಳು. ನೀವೂ ಕೆಂಪು ಪಟ್ಟಿ ಎಳೆಯಿರಿ ಎಂದು ಕೇಳಲು ಅವನು ಬೇರೆ ಕುರಿಗಾರರ ಮನೆಗಳಿಗೂ ಹೋಗಿದ್ದನಂತೆ. ಎರ್ರಿಸ್ವಾಮಿ ಬಾಗಿಲು ಹಾಕಿಕೊಂಡನಂತೆ. ಗಿಡ್ಡಮ್ಮ ಒಂದು ಚೊಂಬಿನ ತುಂಬ ಜಾಜು ತೆಗೆದುಕೊಂಡು ಒಳಗೆ ಹೋದಳಂತೆ.

ಉಳಿದ ಮರಿಗಳಿಗೆ ಇಬ್ಬರೂ ಸೇರಿ ಬಣ್ಣ ಎಳೆದರು. ನೀನೆಳೆದ ಪಟ್ಟಿ ನಿನ್ನ ಕ್ರಾಪಿಗಿಂತ ಸೊಟ್ಟ ಎಂದು ಅವಳು ಛೇಡಿಸಿದಳು. ಬಕೆಟ್ಟಿನೊಳಗೆ ಬೆರಳಿಗೆ ಬೆರಳು ತಾಗಿತು. ಅವನು ಕೈ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ.

"ನಮ್ಮವು ವಾಪಸ್ ಬಂದ ಮ್ಯಾಲ ಹೆಂಗ ಬ್ಯಾರೆ ಮಾಡ್ತಿ?" ಎಂದಳು.

ಅವನು ಈಗ ತಲೆ ಎತ್ತಿ ನೇರವಾಗಿ ನೋಡಿದ. "ಬ್ಯಾರೆ ಮಾಡಾದು ಬ್ಯಾಡ ಅಂತೀನಿ. ನೀ ಏನಂತಿ?"

ನಾಳೆ ಕಳೆಯುವ ಮುಂಚೆ ಯಾವ ಮಾತನ್ನೂ ಕೊಡುವ ಧೈರ್ಯ ಅವಳಲ್ಲಿರಲಿಲ್ಲ. ಎದ್ದು ಮನೆ ಕಡೆ ನಡೆದಳು.

ಮರುದಿನ ಊರಿನ ಪಂಚಾಯಿತಿ ಕಚೇರಿಯಾದ ಗ್ರಾಮ ಸಚಿವಾಲಯದ ಮುಂದಿನ ಶಾಮಿಯಾನದಲ್ಲಿ ಜನವೇನೋ ಸೇರಿದ್ದರು, ಅವಳ ಕಡೆ ಮಾತ್ರ ಒಬ್ಬರೂ ನೋಡಲಿಲ್ಲ. ಕಂಪನಿ ಕಡೆಯವರು ಮುಂದಿನ ಕುರ್ಚಿಗಳಲ್ಲಿ ಕೂತು ಮೊಬೈಲಿನಲ್ಲಿ ಎಲ್ಲರ ವಿಡಿಯೋ ತೆಗೆಯುತ್ತಿದ್ದರು. ಶಿವಲೀಲಾ ಕೊನೆಯ ಸಾಲಿನಲ್ಲಿ ಕೂತಳು. ಗಾದಿಲಿಂಗ ಅವಳ ಪಕ್ಕ ಬಂದು ಕೂತ, ಊರೆಲ್ಲ ನೋಡುವ ಹಾಗೆ.

ಯಾರದಾದರೂ ಆಕ್ಷೇಪ ಇದೆಯೇ ಎಂದು ಅಧಿಕಾರಿ ತೆಲುಗಿನಲ್ಲಿ ಕೇಳಿದರು. ಅವಳಿಗೆ ಏಳಲಾಗಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದಾಗ ಇನ್ನೊಂದು ಪಕ್ಕದಲ್ಲಿದ್ದ ಗಿಡ್ಡಮ್ಮನ ಕೈ ಕಂಡಿತು. ಉಗುರ ಸಂದಿಯಲ್ಲೆಲ್ಲ ಕೆಂಪು. ಅದರಾಚೆ ಬಾಗಿಲು ಹಾಕಿಕೊಂಡಿದ್ದ ಎರ್ರಿಸ್ವಾಮಿ, ಮುಖ ಬೇರೆ ಕಡೆ ತಿರುಗಿಸಿದ್ದ, ಆದರೆ ಅವನ ಅಂಗೈಯೂ ಕೆಂಪು. ಅವಳ ಎದುರಿನ ಸಾಲಿನಲ್ಲೂ ಹಾಗೇ ಕೆಲವು ಕೈಗಳು. ಜಾಜು ಅಷ್ಟು ಬೇಗ ತೊಳೆದು ಹೋಗುವುದಿಲ್ಲ.

ಅವಳು ಗಾದಿಲಿಂಗನ ಕಡೆ ಬಾಗಿದಳು.

"ಬ್ಯಾರೆ ಮಾಡಾದು ಬ್ಯಾಡ," ಎಂದು ಅವನಿಗಷ್ಟೇ ಕೇಳುವಂತೆ ಹೇಳಿ, ಎದ್ದು ನಿಂತಳು.