ಇನ್ನು, ಇನ್ನೂ

ಮಟಮಟ ಮಧ್ಯಾಹ್ನ ಕ್ಲಿನಿಕ್ಕಿಗೆ ಬೀಗ ಹಾಕಿ ಡಾಕ್ಟರಮ್ಮ ನೆಟ್ಟಗೆ ಸೈಕಲ್ ಅಂಗಡಿಯತ್ತ ನಡೆದಳು. ನಾಯಿ, ಬೆಕ್ಕುಗಳ ಡಾಕ್ಟರು ಅವಳು. ಕಚ್ಚಲು ಬಂದ ನಾಯಿಯನ್ನೂ ಕತ್ತು ನೇವರಿಸಿ ಕೂರಿಸುವವಳು. ಒಬ್ಬ ಸೈಕಲ್ ರಿಪೇರಿಯವನಿಗೆ ಹೆದರುತ್ತಾಳೆಯೇ?

ಅವಳಿಗಿದ್ದದ್ದು ಸಿಟ್ಟು. ಒಂದು ವಾರದಿಂದ ಅವನದು ಒಂದೇ ರಾಗ. "ಊಟ ಆಯ್ತಾ?" ಅಂದರೆ "ಹೂಂ." "ಯಾಕೆ ಹೀಗೆ?" ಅಂದರೆ "ಏನಿಲ್ಲ." ಫೋನ್ ಮಾಡಿದರೆ ಎತ್ತುವುದಿಲ್ಲ. ಪುಟಗಟ್ಟಲೆ ಮೆಸೇಜು ಹಾಕುತ್ತಿದ್ದ ಹುಡುಗ!

"ಇನ್ನೊಂದು ಮೆಸೇಜು ಹಾಕಿ ನೋಡೆ," ಅಂದಿದ್ದಳು ಅಕ್ಕ.

"ಹಾಕಲ್ಲ. ಮುಖ ನೋಡಿ ಬೈತೀನಿ."

ಅಂಗಡಿಯಲ್ಲಿ ಅವನು ಚಕ್ರದ ಕಡ್ಡಿ ಬಿಗಿಯುತ್ತಿದ್ದ. ಅವಳನ್ನು ಕಂಡದ್ದೇ ತಡ, ಕೈ ನಿಂತಿತು. ಅವನ ಕಣ್ಣು ಅವಳ ಮುಖಕ್ಕೆ ಬಂತು, ಕಿವಿಯ ಹಿಂದೆ ಸಿಕ್ಕಿಸಿದ ಕೂದಲಿನ ಹತ್ತಿರ ಅರೆಗಳಿಗೆ ತಂಗಿತು, ಕಳ್ಳನ ಹಾಗೆ ಮತ್ತೆ ಚಕ್ರಕ್ಕೇ ಹೋಯಿತು.

"ನನ್ನ ಮೇಲೆ ಏನು ಕೋಪ? ಬಾಯಿಬಿಟ್ಟು ಹೇಳು."

"ಬೇಡ ಅಂದವಳು ನೀನು."

"ನಾನಾ? ಯಾವಾಗ?"

ಅವನು ಕೈ ಒರೆಸಿಕೊಂಡು ಫೋನ್ ಮುಂದೆ ಹಿಡಿದ. ನಿಮ್ಮ ಮನೆಗೆ ಬಂದು ಹೆಣ್ಣು ಕೇಳಲಾ ಅಂತ ಅವನು ಬರೆದಿದ್ದ. ಇಂಗ್ಲಿಷ್ ಅಕ್ಷರದಲ್ಲಿ ಅವಳು ಕುಟ್ಟಿದ ಉತ್ತರ: "innu beda". ಅದರ ಕೆಳಗೆ ಅವನು, ಸರಿ, ಚೆನ್ನಾಗಿರು. ಅದಕ್ಕೆ ಅವಳದೊಂದು ಹೆಬ್ಬೆರಳು.

"ಓದು," ಅಂದಳು.

"ಇನ್ನು ಬೇಡ." ಅವನು ಗಟ್ಟಿಯಾಗಿ ಓದಿದ.

"ಅಯ್ಯೋ ಪೆದ್ದೇ! ಇನ್ನೂ ಬೇಡ ಕಣೋ, ಇನ್ನೂ! ಅಪ್ಪನ ಕಣ್ಣಿನ ಆಪರೇಷನ್ ಆಗೋ ತನಕ ತಡಿ ಅಂತ. ಒಂದು ಕೈಯಲ್ಲಿ ನಾಯಿ ಹಿಡ್ಕೊಂಡು ದೀರ್ಘ ಎಲ್ಲಿ ಎಳೀಲಿ?"

"ಮತ್ತೆ ಆ ಹೆಬ್ಬೆರಳು?"

"ಚೆನ್ನಾಗಿರು ಅಂದ್ಯಲ್ಲ, ಆಯ್ತು ಅಂದೆ!"

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ಈ ಊರೇ ಬೇಡ ಅನ್ನಿಸ್ತು. ಮಾವ ಅವರೂರಲ್ಲಿ ಅಂಗಡಿ ನೋಡಿದ್ದಾರೆ. ನಿನ್ನೆ ಹೂಂ ಅಂದುಬಿಟ್ಟೆ."

ಅವಳು ಅವನ ಕೈಯಲ್ಲಿದ್ದ ಫೋನನ್ನು ಬೆರಳಿಂದ ತಟ್ಟಿದಳು. "ಹೂಂ ಅಂದಿದ್ದನ್ನ ಊಹೂಂ ಅನ್ನು. ಈಗಲೇ. ಮೆಸೇಜಲ್ಲ, ಮಾತಾಡು."

ಅವನು ಫೋನ್ ಮಾಡಿದ. ಮಾವ ಬೈದದ್ದು ಬೀದಿಯವರೆಗೂ ಕೇಳಿಸಿತು. ಬೈಸಿಕೊಳ್ಳುತ್ತಲೇ ಅವನು ಅವಳನ್ನು ನೋಡಿ ನಗುತ್ತಿದ್ದ.

"ಈಗ ನನ್ನ ಕೇಳು," ಅಂದಳು.

ಅವನು ಎದ್ದು ನಿಂತ. "ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ. ಅರ್ಥ ಆಯ್ತಾ, ಇನ್ನೊಂದ್ಸಲ ಹೇಳ್ಲಾ?"

"ಇನ್ನೊಂದ್ಸಲ ಹೇಳು."

ಹತ್ತಿರ ಬಂದು ಹೇಳಿದಳು, ಅವನಿಗೊಬ್ಬನಿಗೇ ಕೇಳುವಷ್ಟು.

ಆಮೇಲೆ ಅಪ್ಪನಿಗೆ ಅವಳೇ ಫೋನ್ ಮಾಡಿದಳು. ಮೊನ್ನೆಯಷ್ಟೇ ಆಪರೇಷನ್ ಮುಗಿಸಿಕೊಂಡು ಅವರು ಮನೆಯಲ್ಲಿದ್ದರು.

"ಅಪ್ಪಾ, ಸಾಯಂಕಾಲ ಒಬ್ಬರನ್ನ ಕರ್ಕೊಂಡು ಬರ್ತೀನಿ."

"ಸೈಕಲ್ ಹುಡುಗನ್ನಾ?"

"ನಿಮಗೆ ಹೇಗೆ ಗೊತ್ತು?"

"ಪಟ್ಟಿ ಕಟ್ಟಿರೋದು ಕಣ್ಣಿಗೆ ಕಣಮ್ಮಾ, ಕಿವಿಗಲ್ಲ. ಕರ್ಕೊಂಡು ಬಾ."