ಹುಳ ಇಲ್ಲದ ಬಾವಿ

ಮೊದಲ ಕಲ್ಲು ಹೆಗಲಿಗೆ ಬಿತ್ತು.

ಎರಡನೆಯದು ಕಿವಿ ಸವರಿಕೊಂಡು ನೀರಿಗೆ ಬಿತ್ತು. ಮೂರನೆಯದು ತಲೆಗೇ... ಎಂದುಕೊಂಡು ಗೋಡೆಗೆ ಅಂಟಿಕೊಂಡೆ.

"ಮೇಡಮ್ಮಾರೇ!" ಮೇಲಿನಿಂದ ಗಂಡು ದನಿ. "ಬಾಟ್ಲಿ ಬಕೀಟಿಗೆ ಹಾಕಿ. ನಾನು ಮ್ಯಾಕೆ ಎಳ್ಕತೀನಿ. ಆಮೇಲೆ ಹಗ್ಗ ಬುಡ್ತೀನಿ."

"ಮೊದಲು ಹಗ್ಗ ಬಿಡೋ!"

"ಮೊದ್ಲು ಬಾಟ್ಲಿ!"

ನಲವತ್ತು ಅಡಿ ಬಾವಿ ಸ್ವಾಮಿ. ಮಟಮಟ ಮಧ್ಯಾಹ್ನ. ನಾನು ತಳದಲ್ಲಿ ಒಂದು ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತಿದ್ದೆ. ಸೊಂಟದ ಚೀಲದಲ್ಲಿ ನಾಲ್ಕು ಗಾಜಿನ ಬಾಟಲಿ, ನಾಲ್ಕರಲ್ಲೂ ಅದೇ ಬಾವಿಯ ನೀರು. ಕೊರಳಲ್ಲಿ ಮೀಟರ್. ಗಾಳಿಯಲ್ಲಿ ಕೆಮಿಕಲ್ ಇದ್ದರೆ ಕೂಗುವ ಮೀಟರ್ ಅದು. ಇಳಿದಾಗಿನಿಂದ ಬಾಯಿ ಮುಚ್ಚಿರಲಿಲ್ಲ!

ತಲೆ ಸುತ್ತುತ್ತಿತ್ತು. ಈ ಜಾತಿಯ ವಿಷದ ಆವಿ ಗಾಳಿಗಿಂತ ಭಾರ. ಬಾವಿಯ ತಳದಲ್ಲೇ ಕೂತಿರುತ್ತದೆ. ಇನ್ನು ಹತ್ತು ನಿಮಿಷ ಅಲ್ಲೇ ನಿಂತಿದ್ದರೆ ಕಲ್ಲಿನ ಅಗತ್ಯವೇ ಇರುತ್ತಿರಲಿಲ್ಲ.

ನಾನು ಹೇಮಾಶ್ರೀ. ಊರು ಅರಸೀಕೆರೆ. ಜಮೀನು ಕೊಳ್ಳುವವರು ಪಹಣಿ ನೋಡುತ್ತಾರೆ, ವಾಸ್ತು ನೋಡುತ್ತಾರೆ, ಬಾವಿಗೆ ತೆಂಗಿನಕಾಯಿ ಒಡೆಯುತ್ತಾರೆ. ಆ ಮಣ್ಣಿನ ಹೊಟ್ಟೆಯಲ್ಲಿ ಯಾರು ಏನು ಸುರಿದಿದ್ದಾರೆ ಎಂದು ಮಾತ್ರ ನೋಡುವುದಿಲ್ಲ. ಅದನ್ನು ನೋಡುವುದು ನನ್ನ ಕೆಲಸ. ಹದಿನಾಲ್ಕು ವರ್ಷವಾಯಿತು. ಬ್ಯಾಟರಿ ಆಸಿಡ್ ಕುಡಿದ ಗದ್ದೆ ನೋಡಿದ್ದೇನೆ. ಆಸ್ಪತ್ರೆಯ ಸೂಜಿ ಹೂತಿಟ್ಟ ತೋಟ ನೋಡಿದ್ದೇನೆ. ಮಣ್ಣು ಎಷ್ಟೇ ನಾರಲಿ, ನನಗೆ ಹೇಸಿಗೆಯಿಲ್ಲ. ಅದನ್ನು ನಾರಿಸಿದವನು ಬಂದು ನಮಸ್ಕಾರ ಅಂತಾನಲ್ಲ, ಆಗ ವಾಂತಿ ಬರುತ್ತದೆ!

ಅವತ್ತು ಬೆಳಿಗ್ಗೆ ನಾನು ಹಳೇಬೀಡಿನಲ್ಲಿದ್ದೆ. ಜಿನಚಂದ್ರ ಅನ್ನುವ ವ್ಯಾಪಾರಿಯ ಮನೆ. ಬಸದಿಯ ಹತ್ತಿರ. ಗಂಡ ಹೆಂಡತಿ ಇಬ್ಬರೂ ಅರವತ್ತು ದಾಟಿದವರು. ಮಾದಿಹಳ್ಳಿ ದಾರಿಯಲ್ಲಿ ನಾಲ್ಕು ಎಕರೆ ಕೊಂಡು ಓದುವ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕಟ್ಟಬೇಕು ಅಂತ ಅವರ ಆಸೆ. ಮೂವತ್ತೆರಡು ಹುಡುಗಿಯರ ಹೆಸರು ಆಗಲೇ ಬರೆದಿಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಬೇಲೂರಿನಲ್ಲಿ ರಿಜಿಸ್ಟ್ರೇಷನ್.

"ಮೂರು ಗಂಟೆಗೆ ಸಹಿ ಇಟ್ಕೊಂಡು ಇವತ್ತು ಬೆಳಿಗ್ಗೆ ನನ್ನ ಕರೆಸಿದ್ದೀರಲ್ಲ?" ಎಂದೆ.

"ಚಿದಂಬರ ಅವರು ಲ್ಯಾಬ್ ರಿಪೋರ್ಟ್ ಕೊಟ್ಟಿದ್ದಾರಮ್ಮ," ಅಂದರು ಜಿನಚಂದ್ರ. "ನೀರು ಶುದ್ಧ ಅಂತಿದೆ. ಆದ್ರೂ ಮಕ್ಕಳ ವಿಷಯ ನೋಡಿ. ನೀವೊಂದು ಸಲ ನೋಡಿದ್ರೆ ಸಮಾಧಾನ."

ಚಿದಂಬರ ಜಮೀನಿನ ಒಡೆಯ. ನಮ್ಮ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೆಲ್ಲ. ಲ್ಯಾಬಿನ ಬಾಟಲಿಗೆ ಅವನು ಯಾವ ಬಾವಿಯ ನೀರು ತುಂಬಿಸಿದ್ದನೋ, ಆ ಶಿವನೇ ಬಲ್ಲ.

ಹಿತ್ತಲಲ್ಲಿ ಜಿನಚಂದ್ರರ ಹೆಂಡತಿ ಶೀಲಾವತಮ್ಮ ನೀರು ಸೋಸುತ್ತಿದ್ದರು. ಎರಡು ಮಡಿಕೆಯ ದಪ್ಪ ಬಟ್ಟೆ ಬಿಂದಿಗೆಯ ಬಾಯಿಗೆ. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ, ಒಳ್ಳೆಯ ನೀರಲ್ಲಿ ಜಾಲಿಸಿ, ಆ ನೀರನ್ನು ನಿಧಾನಕ್ಕೆ ಬಾವಿಗೇ ವಾಪಸ್ ಇಳಿಸಿದರು.

"ಇದರಲ್ಲಿ ಕಣ್ಣಿಗೆ ಕಾಣದ ಜೀವಗಳಿರ್ತವಮ್ಮ," ಅಂದರು. "ಎಲ್ಲಿಂದ ತಂದ್ವೋ ಅಲ್ಲಿಗೇ ಬಿಡಬೇಕು. ನಮ್ಮ ಧರ್ಮ. ಆದ್ರೆ ಆ ಜಮೀನಿನ ಬಾವಿ ಇದೆಯಲ್ಲ... ಅದಕ್ಕೆ ಈ ಕಷ್ಟವೇ ಇಲ್ಲ!"

"ಅಂದ್ರೆ?"

"ನೋಡೋಕೆ ಹೋದಾಗ ಅಲ್ಲೂ ಸೋಸಿದೆ. ಬಟ್ಟೇಲಿ ಒಂದು ಹುಳ ಇಲ್ಲ! ಚಿದಂಬರಪ್ಪನೇ ಹೇಳಿದ್ರು, ಅಮ್ಮಾ, ನಿಮ್ಮವರಿಗೇ ಹೇಳಿ ಮಾಡಿಸಿದ ಬಾವಿ, ಒಂದು ಜೀವಕ್ಕೂ ಹಿಂಸೆ ಆಗಲ್ಲ ಅಂತ. ಅದಕ್ಕೇ ಇವರಿಗೂ ಮನಸ್ಸು ಬಂತು."

ನನ್ನ ಕೈಯಲ್ಲಿದ್ದ ಕಾಫಿ ಆರಿತು.

ತೆರೆದ ಬಾವಿ ಸ್ವಾಮಿ! ಮೇಲೆ ಹೊಂಗೆಮರ. ಅಂಥ ಬಾವಿಯಲ್ಲಿ ಕಪ್ಪೆ ಇರಬೇಕು, ಸೊಳ್ಳೆಮರಿ ಇರಬೇಕು, ಹಾಳಾಗಿ ಹೋಗಲಿ, ಪಾಚಿಯಾದರೂ ಇರಬೇಕು. ಏನೂ ಇಲ್ಲ ಅಂದರೆ ಅದು ಶುದ್ಧವಲ್ಲ. ಅದು ಹೆಣ.

ಮತ್ತು ಆ ಗೋಮುಖವ್ಯಾಘ್ರ ಅದನ್ನೇ ತೋರಿಸಿ ಜೈನರಿಗೆ ಮಾರಲು ಹೊರಟಿದ್ದ. ಥೂ!

ಸ್ಕೂಟರ್ ಹತ್ತಿ ಸೀದಾ ಜಮೀನಿಗೆ ಹೋದೆ. ಪಂಪ್‌ಹೌಸಿನಲ್ಲಿ ಕಾವಲುಗಾರ ಉಗ್ರಪ್ಪ ಸಿಕ್ಕಿದ. ಆರಡಿ ಆಳು. ಬಾವಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ಬತ್ತಿಹೋದ ಬೋರ್‌ವೆಲ್ ಇತ್ತು. ಬಾಯಿಗೆ ಚಪ್ಪಡಿ. ಸುತ್ತ ಹುಲ್ಲು ಸುಟ್ಟಿತ್ತು, ಟ್ಯಾಂಕರ್ ಲಾರಿಯ ಚಕ್ರದ ಗುರುತು ಹಸಿಯಾಗೇ ಇತ್ತು. ಚಪ್ಪಡಿಯ ಸಂದಿಗೆ ಮೀಟರ್ ಹಿಡಿದೆ. ಕೂಗಿತು! ಯಾವುದೋ ಫ್ಯಾಕ್ಟರಿಯ ಕೊಳೆ. ಯಂತ್ರದ ಜಿಡ್ಡು ತೊಳೆದು ಬಿಟ್ಟ ಸಾಲ್ವೆಂಟ್ ದ್ರಾವಣ. ಬೋರಿಗೆ ಸುರಿದಿದ್ದು ಕಲ್ಲಿನ ಬಿರುಕಲ್ಲಿ ಹರಿದು ಬಾವಿಗೆ ಬಂದಿದೆ.

ಮೇಲಿನಿಂದ ಸೇದಿದರೆ ಆವಿ ಹಾರಿಹೋಗುತ್ತದೆ. ಬಾಟಲಿಗೆ ನೀರನ್ನು ಕೆಳಗೇ ತುಂಬಿ ಮುಚ್ಚಬೇಕು. ಉಗ್ರಪ್ಪನೇ ಹಗ್ಗ ಹಿಡಿದು ಇಳಿಸಿದ. ಪಾಪ, ಒಳ್ಳೆಯವನೇ ಅಂದುಕೊಂಡೆ. ನಾನು ಇಳಿದ ಮೇಲೆ ಯಜಮಾನನಿಗೆ ಫೋನ್ ಮಾಡಿದ. ಆಮೇಲೆ ಹಗ್ಗ ಎಳೆದುಕೊಂಡ, ಕಲ್ಲು ಎತ್ತಿಕೊಂಡ.

"ಎಷ್ಟೊತ್ತು ಮೇಡಮ್ಮಾರೇ?"

"ಸರಿ ಮಾರಾಯ! ಬಕೆಟ್ ಬಿಡು. ಬಾಟ್ಲಿ ತಗೋ."

ಬಕೆಟ್ ಬಂತು. ಒಂದು ಬಾಟಲಿ ಅದರಲ್ಲಿಟ್ಟೆ. ಮೂರನ್ನು ಜಾಕೆಟ್ಟಿನೊಳಗೆ ತುರುಕಿದೆ.

"ಒಡೆದುಹೋಗುತ್ತೆ... ಎರಡೂ ಕೈಲಿ ನಿಧಾನಕ್ಕೆ ಎಳಿ!"

ಹಳೇ ಕಾಲದ ಬಾವಿ ಅದು. ಹತ್ತಿಳಿಯಲು ಗೋಡೆಯಿಂದ ಚಾಚಿದ ಕಲ್ಲುಗಳಿದ್ದವು. ಅರ್ಧ ಮುರಿದಿದ್ದವು. ಅವನ ಕಣ್ಣು ಬಕೆಟ್ ಮೇಲೆ, ನನ್ನ ಕೈ ಎದುರುಗಡೆಯ ಕಲ್ಲಿನ ಮೇಲೆ. ಹತ್ತಿದೆ. ಒಂದು ಕಲ್ಲು ಕಿತ್ತು ಬಂತು, ಮೊಣಕಾಲು ಸುಲಿಯಿತು. ಅಮ್ಮಾ ಅನ್ನುವುದನ್ನು ಹಲ್ಲಲ್ಲೇ ಕಚ್ಚಿಕೊಂಡೆ.

ನಾನು ಮೇಲೆ ಬಂದಾಗ ಉಗ್ರಪ್ಪ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಮಣ್ಣು ಕೊರೆಯುವ ನನ್ನ ಕಬ್ಬಿಣದ ಸಲಾಕೆ ಕಟ್ಟೆಯ ಮೇಲೇ ಇತ್ತು.

ಮಂಡಿಗೆ ಬಾರಿಸಿದೆ!

"ಅಯ್ಯಪ್ಪೋ!" ಕುಸಿದ. ತಲೆ ಎತ್ತಿ ನನ್ನನ್ನು ನೋಡಿದ. ಕಣ್ಣು ಎರಡೂ ಅರಿಶಿನದ ಬಣ್ಣ. ಕುಡುಕ ನನ್ಮಗ ಅಂದುಕೊಂಡು ಓಡಿದೆ.

ಸ್ಕೂಟರ್ ಸ್ಟಾರ್ಟ್ ಆಗುವಷ್ಟರಲ್ಲಿ ಹಿಂದೆ ಪಿಕಪ್ ಗಾಡಿಯ ಸದ್ದು. ಕುಂಟುತ್ತಲೇ ಹತ್ತಿದ್ದ ಆಸಾಮಿ! ಟಾರ್ ರಸ್ತೆಗೆ ಬಂದೆ. ಗಂಟೆ ಎರಡೂಕಾಲು. ಹಳೇಬೀಡು ದಾಟಿ ಬೇಲೂರು ರಸ್ತೆ ಹಿಡಿದೆ. ಕನ್ನಡಿಯಲ್ಲಿ ಪಿಕಪ್ಪಿನ ಮೂತಿ ದೊಡ್ಡದಾಗುತ್ತಾ ಬಂತು.

ಧಡ್!

ಸ್ಕೂಟರ್ ಚರಂಡಿಗೆ ಹೋಯಿತು, ಡಿಕ್ಕಿಯಲ್ಲಿಟ್ಟಿದ್ದ ಫೋನ್ ಸಮೇತ. ನಾನು ಜಾಕೆಟ್ ತಬ್ಬಿಕೊಂಡು ಬೇಲಿಗೆ ಬಿದ್ದೆ. ಕೈ ಹಾಕಿ ನೋಡಿದೆ. ಮೂರೂ ಬಾಟಲಿ ನೆಟ್ಟಗಿದ್ದವು. ಪಿಕಪ್ ಮುಂದೆ ಹೋಗಿ ತಿರುಗಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಕೆಂಪು ಬಸ್ಸು. ರಸ್ತೆ ಮಧ್ಯೆ ನಿಂತು ಕೈ ಚಾಚಿದೆ.

ಹತ್ತಿದೆ. ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಎಲ್ಲಿಗೆ?" ಕಂಡಕ್ಟರ್ ಬಂದ.

"ಬೇಲೂರು. ಬೇಗ ಹೋಗ್ಲಿ!"

"ಆಧಾರ್ ತೋರ್ಸಿ."

"ರಕ್ತ ಬರ್ತಿದೆ ಕಣ್ರೀ!"

"ಬರ್ಲಿ ಮೇಡಂ. ಆಧಾರ್ ಇಲ್ದೆ ಫ್ರೀ ಟಿಕೆಟ್ ಕೊಡಾಕ್ಕಾಗಲ್ಲ."

ಪಿಕಪ್ ಪಕ್ಕಕ್ಕೆ ಬಂದು ಹಾರ್ನ್ ಹೊಡೆಯತೊಡಗಿತು. ಬಸ್ಸಿನ ಡ್ರೈವರ್‌ಗೆ ಮೂಗಿನ ತುದಿಯಲ್ಲೇ ಕೋಪ.

"ಏನ್ಲಾ ಇವ್ನು, ರಸ್ತೆ ಅವ್ರಪ್ಪಂದಾ?" ಅಂದು ಬೇಲೂರು ಬರುವವರೆಗೂ ಅವನಿಗೆ ಸೈಡ್ ಕೊಡಲಿಲ್ಲ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ.

ಮೂರು ಗಂಟೆ ಐದು ನಿಮಿಷ. ರಿಜಿಸ್ಟ್ರಾರ್ ಆಫೀಸಿನ ಒಳಗೆ ನುಗ್ಗಿದೆ. ಫೋಟೋ ಆಗಿತ್ತು. ಜಿನಚಂದ್ರರ ಹೆಬ್ಬೆರಳು ಮೆಷಿನ್ನಿನ ಮೇಲೆ ಇಳಿಯುವುದರಲ್ಲಿತ್ತು.

"ನಿಲ್ಸಿ!"

ಚಿದಂಬರ ತಿರುಗಿದ. ಬಿಳಿ ಪಂಚೆ, ಬಿಳಿ ಶರ್ಟು, ಬಿಳಿ ನಗು.

"ಬಾರವ್ವಾ ಹೇಮಾ. ಇದೇನವ್ವಾ ಅವತಾರ, ಎಲ್ಲಿ ಬಿದ್ದೆ?"

"ನಿಮ್ಮ ಬಾವೀಲಿ!"

ಟೇಬಲ್ ಮೇಲೆ ಬಾಟಲಿ ಇಟ್ಟೆ. ಮುಚ್ಚಳ ಅರ್ಧ ತಿರುವಿ ಮೀಟರ್ ಹಿಡಿದೆ. ಅದು ಬಾಯಿ ಬಡಿದುಕೊಂಡಿತು. ಗುಮಾಸ್ತ ಕುರ್ಚಿ ಹಿಂದಕ್ಕೆ ಎಳೆದುಕೊಂಡ.

"ಜಿನಚಂದ್ರ ಅವರೇ, ಬತ್ತಿದ ಬೋರಿಗೆ ಟ್ಯಾಂಕರ್‌ಗಟ್ಟಲೆ ಕೆಮಿಕಲ್ ಸುರಿದಿದ್ದಾರೆ. ಬಾವಿಗೂ ಬಂದಿದೆ. ಈ ನೀರು ಕುಡಿದ್ರೆ ಲಿವರ್ ಹೋಗುತ್ತೆ. ನಿಮ್ಮ ಮೂವತ್ತೆರಡು ಹುಡುಗೀರು ಮೂರು ಹೊತ್ತೂ ಇದನ್ನೇ ಕುಡೀಬೇಕು!"

ಚಿದಂಬರ ಹೊಟ್ಟೆ ಕುಣಿಸಿ ನಕ್ಕ. "ಆ ಡಬ್ಬಿ ಸೆಂಟ್ ಹಾಕ್ಕೊಂಡವರನ್ನ ಕಂಡ್ರೂ ಕೂಗುತ್ತೆ ಬಿಡವ್ವ. ಯಜಮಾನ್ರೇ, ಲ್ಯಾಬ್ ರಿಪೋರ್ಟ್ ಐತೆ. ಒಳ್ಳೇ ಗಳಿಗೆ ಮೀರ್ತಾ ಐತೆ."

ಜಿನಚಂದ್ರ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. "ರಿಪೋರ್ಟ್ ಇದೆಯಲ್ಲಮ್ಮ..." ಅಂದರು. ಬೆರಳು ಮತ್ತೆ ಇಳಿಯತೊಡಗಿತು. ಒಳ್ಳೆಯವರ ಈ ಸಂಕೋಚ ಕಂಡರೆ ನನಗೆ ಕಳ್ಳರಿಗಿಂತ ಹೆಚ್ಚು ರೇಗುತ್ತದೆ!

"ಶೀಲಾವತಮ್ಮ," ಎಂದೆ. "ನೀವು ಹೇಳಿ. ಇಷ್ಟು ವರ್ಷ ನೀರು ಸೋಸಿದ್ದೀರಿ. ಏನೂ ಸಿಗದ ಬಾವಿ ಬೇರೆ ಎಲ್ಲಾದ್ರೂ ನೋಡಿದ್ದೀರಾ?"

ಅವರ ಕೈ ತನ್ನಷ್ಟಕ್ಕೇ ಬಟ್ಟೆ ತಿರುವುವ ಹಾಗೆ ಆಡಿತು.

"ಇಲ್ಲ," ಅಂದರು. "ನಲವತ್ತು ವರ್ಷದಲ್ಲಿ ಇಲ್ಲ... ಅಯ್ಯೋ, ನಾನೆಂಥ ದಡ್ಡಿ! ಹಿಂಸೆ ಇಲ್ಲ ಅಂತ ಸಂತೋಷಪಟ್ಟೆನಲ್ಲ. ಸಾಯೋಕೆ ಅಲ್ಲಿ ಏನೂ ಉಳಿದಿರಲಿಲ್ಲ!"

ಗಂಡನ ಕೈಯನ್ನು ಮೆಷಿನ್ನಿನಿಂದ ಕಿತ್ತು ತಮ್ಮ ಸೆರಗಿನೊಳಗೆ ಹಿಡಿದುಕೊಂಡರು. ಜಿನಚಂದ್ರ ಕಾಗದಗಳನ್ನು ಎತ್ತಿ ಎರಡಾಗಿ ಹರಿದರು. ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಉಗ್ರಪ್ಪ. ಕುಂಟಿಕೊಂಡು ಒಳಗೆ ಬಂದ. ಕೈಯಲ್ಲಿ ನಾನು ಕೊಟ್ಟ ಬಾಟಲಿ.

"ಹರೀಬ್ಯಾಡಿ ಬುದ್ಧಿ! ಇವ್ರು ಹೇಳದೆಲ್ಲಾ ಸುಳ್ಳು!" ಗುಮಾಸ್ತನ ಸ್ಟೀಲ್ ಲೋಟಕ್ಕೆ ಆ ನೀರು ಬಗ್ಗಿಸಿ ಚಿದಂಬರನ ಮುಂದೆ ಇಟ್ಟ. "ಸಾಮಿ, ಎಲ್ರ ಮುಂದೆ ಒಂದ್ ಗುಟುಕು ಕುಡ್ದು ತೋರ್ಸಿ. ಆಗ ಗೊತ್ತಾಯ್ತದೆ. ನಾನು ಎಂಟ್ ತಿಂಗ್ಳಿಂದ ದಿನಾ ಕುಡೀತಿಲ್ವಾ?"



ಆ ಅರಿಶಿನದ ಕಣ್ಣು ಈಗ ನನಗೆ ಅರ್ಥವಾಯಿತು.

ಚಿದಂಬರ ಲೋಟ ನೋಡಿದ. ಮುಟ್ಟಿದ. ಕೈ ಹಿಂದಕ್ಕೆ ತೆಗೆದ.

"ಇವತ್ತು ಸೋಮವಾರ ಕಣೋ. ಉಪವಾಸ."

"ಉಪಾಸಕ್ಕೆ ನೀರು ಆಯ್ತದಲ್ಲ ಸಾಮಿ. ಬೆಳಿಗ್ಗೆ ಎಳನೀರು ಕುಡುದ್ರಿ."

"ಆಮೇಲೆ ಕುಡಿಯೋಣ. ನಡಿ ಆಚೆ."

ಉಗ್ರಪ್ಪ ಅಲ್ಲಾಡಲಿಲ್ಲ. ನಿಧಾನವಾಗಿ ಯೋಚಿಸುವ ಮನುಷ್ಯ. ಯೋಚನೆ ಅವನ ಮುಖದ ಮೇಲೆ ಒಂದೊಂದೇ ಮೆಟ್ಟಿಲು ಇಳಿಯುವುದು ಕಾಣುತ್ತಿತ್ತು.

"ತೋಟಕ್ಕೆ ಬಂದಾಗೆಲ್ಲ ನೀವು ಕಾರಲ್ಲಿ ಬಾಟ್ಲಿ ನೀರು ತತ್ತಿದ್ರಿ... ಬೋರಿಗೆ ಬುಟ್ಟಿದ್ದು ಪಾತಾಳಕ್ಕೆ ಹೋಯ್ತದೆ, ಬಾವಿಗೆ ಬರಾಕಿಲ್ಲ ಅಂದಿದ್ರಿ. ನಿಮ್ಮ ಮಾತು ನಂಬಿ ನಾನೇ ಪೈಪ್ ಹಿಡಿದೆ." ನನ್ನ ಕಡೆ ತಿರುಗಿದ. "ಮೇಡಮ್ಮಾರೇ... ನನ್ ಕಣ್ಣು ಹಿಂಗಾಗಿರದು ಇದ್ಕೇನಾ?"

ಸುಳ್ಳು ಹೇಳಬಹುದಿತ್ತು. ಅವತ್ತಿನ ಪಾಲಿನ ಸುಳ್ಳು ಸಾಕಾಗಿತ್ತು.

"ಇದಕ್ಕೇ ಅಂತ ಕಾಣುತ್ತೆ ಉಗ್ರಪ್ಪ. ಇವತ್ತೇ ಆಸ್ಪತ್ರೆಗೆ ಹೋಗು."

"ಹೋಯ್ತೀನಿ," ಅಂದ. "ಇಬ್ರೂ ಹೋಯ್ತೀವಿ."

ಬಾಗಿಲ ಚಿಲಕ ಹಾಕಿದ. ಎಡಗೈಯಲ್ಲಿ ಆ ಬಿಳಿ ಶರ್ಟಿನ ಕಾಲರ್ ಹಿಡಿದ. ಬಲಗೈಯಲ್ಲಿ ಲೋಟ ಎತ್ತಿದ. ಚಿದಂಬರನ ಹಲ್ಲಿಗೆ ಸ್ಟೀಲು ತಾಗಿದ ಸದ್ದು ಕೇಳಿಸಿತು.

"ಮೇಡಂ, ಹಿಡೀರಿ ಅವನನ್ನ! ಏನಾದ್ರೂ ಮಾಡಿ!" ಗುಮಾಸ್ತ ಕಿರುಚಿದ.

ನಾನು ಮೀಟರ್ ಆಫ್ ಮಾಡಿದೆ.

"ನಾನು ಮಣ್ಣು, ನೀರು ಮಾತ್ರ ನೋಡೋದು ಕಣ್ರೀ. ಮನುಷ್ಯರು ನನ್ನ ಡಿಪಾರ್ಟ್‌ಮೆಂಟ್ ಅಲ್ಲ!"